ಓಟೋನ ಬೆಳಗಿನ ಲೋಟ

ಈ ವರ್ಷವೂ ಮಾರ್ಚ್ ಕೊನೆಗೆ ಆಸ್ಟಿನ್ನಿನ ನಮ್ಮ ಕನ್ನಡದ ಮಂದಿಗೆ ಬ್ಲೂಬಾನೆಟ್ ಹುಚ್ಚು ಹಿಡಿಯಿತು. ಹೆದ್ದಾರಿಯ ಅಂಚಿಗೆ ಆ ನೀಲಿ ಹೂವು ಹಾಸಿಕೊಂಡಿತೆಂದರೆ ಮುಗಿಯಿತು, ಹೆಣ್ಣುಮಕ್ಕಳಿಗೆ ರೇಷ್ಮೆ ಲಂಗ ತೊಡಿಸಿ ಹೂವಿನ ನಡುವೆ ಕೂರಿಸಿ ಫೋಟೋ ತೆಗೆಯದ ಮನೆಯಿಲ್ಲ. ಜಾರ್ಜ್‌ಟೌನಿನ ಗೆಳತಿಯೊಬ್ಬಳು ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಬಂದು, "ನಿಮಗೆ ಒಳ್ಳೇ ಜಾಗ ಗೊತ್ತಂತಲ್ಲ, ಕರ್ಕೊಂಡು ಹೋಗಿ" ಎಂದಳು. ನಾನು ಯೋಚನೆಯನ್ನೇ ಮಾಡದೆ ಪೂರ್ವಕ್ಕೆ, ಹ್ಯೂಸ್ಟನ್ ಕಡೆಗೆ ಡ್ರೈವ್ ಮಾಡಿದೆ. ಒಂದೂವರೆ ಗಂಟೆಯ ಮೇಲೆ ಗುಡ್ಡದ ನೆತ್ತಿಯಲ್ಲಿ ಬಿಳಿ ಚರ್ಚಿನ ಗೋಪುರ ಕಂಡಾಗಲೇ ಎಲ್ಲಿಗೆ ಬಂದಿದ್ದೇನೆ ಎಂದು ನನಗೆ ತಿಳಿದದ್ದು.

"ಎಷ್ಟು ಮುದ್ದಾದ ಊರು! ಇಲ್ಲಿ ನಿಮಗೆ ಯಾರಾದ್ರೂ ಗೊತ್ತಾ?" ಎಂದು ಗೆಳತಿ ಕೇಳಿದಳು.

ಗೊತ್ತಿಲ್ಲದೆ ಏನು! ಮೂರು ವರ್ಷ ಈ ಊರಿನವರ ನಾಲಿಗೆ ಹೊರಗೆ ಹಾಕಿಸಿ ನೋಡಿದವಳು ನಾನು. ಅದರಲ್ಲಿ ಮೊದಲನೆಯ ವರ್ಷ, ತೊಂಬತ್ತೊಂಬತ್ತರ ಬೇಸಿಗೆಯಿಂದ ಮರುವರ್ಷದ ಬೇಸಿಗೆಯವರೆಗಿನದು, ಇನ್ನೂ ನನ್ನ ಗಂಟಲಲ್ಲಿ ಸಿಕ್ಕಿಕೊಂಡಿದೆ.

ನಾನು ಧಾರವಾಡದವಳು. ಹುಬ್ಬಳ್ಳಿಯಲ್ಲಿ ಡಾಕ್ಟರಿಕೆ ಓದಿ, ಡಲ್ಲಾಸ್‌ನಲ್ಲಿ ಟ್ರೇನಿಂಗ್ ಮುಗಿಸಿದೆ. ನನ್ನಂಥ ಪರದೇಶದ ಡಾಕ್ಟರು ಈ ದೇಶದಲ್ಲಿ ಉಳಿಯಬೇಕೆಂದರೆ ಡಾಕ್ಟರು ಸಿಗದ ಹಳ್ಳಿಗಾಡಿನಲ್ಲಿ ಮೂರು ವರ್ಷ ಕೆಲಸ ಮಾಡಬೇಕೆಂದು ಷರತ್ತು. ಗಂಡ ಶ್ರೀಧರ ಹ್ಯೂಸ್ಟನ್ನಿನ ಒಂದು ತೈಲ ಕಂಪನಿಯಲ್ಲಿ ಎಂಜಿನಿಯರ್. ನನಗೆ ಸಿಕ್ಕಿದ್ದು ಹ್ಯೂಸ್ಟನ್ನಿಗೂ ಆಸ್ಟಿನ್ನಿಗೂ ನಡುವೆ ಇರುವ ಈ ಜರ್ಮನ್ ಸೀಮೆ. ನೂರೈವತ್ತು ವರ್ಷಗಳ ಹಿಂದೆ ಹಡಗಿನಲ್ಲಿ ಬಂದಿಳಿದ ರೈತರು ಕಟ್ಟಿದ ಊರುಗಳು ಇವು. ತಗ್ಗಿನಲ್ಲಿ ನಮ್ಮ ಕಡೆಯ ಎರೆಭೂಮಿಯಂಥದೇ ಕಪ್ಪು ಮಣ್ಣು, ಏರಿನಲ್ಲಿ ಕೆಂಪು ಮರಳು, ಓಕ್ ಮರ, ಕೊಲರಾಡೊ ನದಿಗೆ ಸೇರುವ ಹಳ್ಳಗಳು. ಪ್ರತಿ ದಿಬ್ಬಕ್ಕೊಂದು ಚರ್ಚು, ಪ್ರತಿ ಊರಿಗೊಂದು ಮರದಲ್ಲಿ ಕಟ್ಟಿದ ಕುಣಿತದ ಮನೆ. ಸ್ಮಶಾನದ ಹಳೆಯ ಕಲ್ಲುಗಳ ಮೇಲೆಲ್ಲ ಜರ್ಮನ್ ಬರಹ.

ನನ್ನದು ಹುಟ್ಟಾ ಅನುಮಾನದ ಸ್ವಭಾವ. ಹಾಲಿನವನು ತಾನಾಗಿ "ನೀರು ಹಾಕಿಲ್ಲ" ಎಂದರೆ ಹಾಕಿದ್ದಾನೆ ಎಂದೇ ನನ್ನ ಲೆಕ್ಕ. ಊರಿಗೆ ಬಂದ ಮೊದಲ ವಾರ ನರ್ಸ್ ಲೊರೀನ್ ನನ್ನನ್ನು ಚರ್ಚು ತೋರಿಸಲು ಕರೆದೊಯ್ದಳು. ಲೊರೀನ್ ಅದೇ ಊರಿನವಳು, ಬಾಯಿಬಡುಕಿ, ಮನಸ್ಸು ಮಾತ್ರ ಬೆಣ್ಣೆ. ಹೊರಗೆ ಸುಣ್ಣ ಬಳಿದ ಸಾದಾ ಕಟ್ಟಡ, ಒಳಗೆ ಹೋದರೆ ನೀಲಿ ಚಾವಣಿ, ಚಿನ್ನದ ನಕ್ಷತ್ರ, ಬಳ್ಳಿ, ಅಮೃತಶಿಲೆಯ ಕಂಬಗಳು. ಇಷ್ಟು ಬಡ ರೈತರಿಗೆ ಅಮೃತಶಿಲೆ ಎಲ್ಲಿಂದ ಬಂತು ಎಂದು ನಾನು ಮೆಲ್ಲಗೆ ಕಂಬಕ್ಕೆ ಉಗುರು ಒತ್ತಿದೆ. ಮರ! ಮರಕ್ಕೆ ಕಲ್ಲಿನ ಹಾಗೆ ಬಣ್ಣ ಬಳಿದಿದ್ದರು. ಸರಿ, ಇಲ್ಲಿ ಕಂಡದ್ದನ್ನು ನಂಬುವಂತಿಲ್ಲ ಎಂದು ಅಂದೇ ತೀರ್ಮಾನಿಸಿದೆ. ಹೋಟೆಲಿನಲ್ಲಿ ಬೀನ್ಸ್ ಪಲ್ಯದಲ್ಲೂ ಹಂದಿಯ ಚೂರು ಸಿಕ್ಕ ಮೇಲೆ ತೀರ್ಮಾನ ಇನ್ನೂ ಗಟ್ಟಿಯಾಯಿತು.

ಅವರೂ ಕಡಿಮೆಯೇನಿರಲಿಲ್ಲ. ಬಿ.ಪಿ. ನೋಡಿದರೆ "ಇನ್ನೊಮ್ಮೆ ನೋಡು" ಎನ್ನುವರು. ಬರೆದುಕೊಟ್ಟ ಮಾತ್ರೆಯ ಹೆಸರನ್ನು ಲೊರೀನ್‌ಗೆ ತೋರಿಸಿ, ಅವಳು ತಲೆಯಾಡಿಸಿದ ಮೇಲೆಯೇ ಔಷಧಿ ಅಂಗಡಿಗೆ ಹೋಗುವರು. ಶನಿವಾರ ಹ್ಯೂಸ್ಟನ್ನಿಗೆ ಹೋಗಿ, ಹಿಲ್‌ಕ್ರಾಫ್ಟಿನ ನಮ್ಮ ದೇಶದವರ ಅಂಗಡಿಗಳಲ್ಲಿ ಜೋಳದ ಹಿಟ್ಟು, ಹುಣಸೆಹಣ್ಣು ಕೊಂಡು, ಶ್ರೀಧರನ ಮುಂದೆ ಇದನ್ನೆಲ್ಲ ತೋಡಿಕೊಂಡರೆ ಅವನು ನಗುತ್ತಿದ್ದ. "ಅಲ್ಲಾ, ಅವರು ನಿನ್ನ ಮ್ಯಾಲೆ ಸಂಶಯ ಪಡ್ತಾರ, ನೀ ಅವರ ಮ್ಯಾಲೆ. ಛೊಲೋ ಜೋಡಿ ಆತಲ್ಲ!"

ಓಟೋ ಮತ್ತು ಹಿಲ್ಡಾ ಬಂದದ್ದು ಸೆಪ್ಟೆಂಬರಿನಲ್ಲಿ. ಓಟೋ ಎಪ್ಪತ್ತೆಂಟರ ರೈತ, ಹೆಂಡತಿ ಸತ್ತು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಹಿಲ್ಡಾ ಅವನಿಗಿಂತ ಎರಡು ವರ್ಷಕ್ಕೆ ದೊಡ್ಡ ಅಕ್ಕ, ಮದುವೆಯಾದವಳಲ್ಲ. ಇಬ್ಬರೇ ಅಪ್ಪನ ಕಾಲದ ತೋಟದ ಮನೆಯಲ್ಲಿದ್ದರು. ಅವರಾಡುತ್ತಿದ್ದುದು ಜರ್ಮನ್ ಎಳೆತದ ಇಂಗ್ಲಿಷು. ಆದರೆ ಹಿಲ್ಡಾಳ ಒರಟು ಮಾತು ನನಗೆ ಕುಂದಗೋಳದ ನಮ್ಮ ದೊಡ್ಡಮ್ಮನ ಬಾಯಿಂದ ಬಂದ ಹಾಗೇ ಕೇಳುತ್ತಿತ್ತು. ಈಗಲೂ ನೆನೆದರೆ ಇಬ್ಬರ ಮಾತೂ ಅದೇ ಭಾಷೆಯಲ್ಲೇ ಕೇಳುತ್ತದೆ, ಹಾಗೆಯೇ ಬರೆಯುತ್ತೇನೆ.

ಓಟೋನಿಗೆ ಹೊಟ್ಟೆನೋವು, ಮಲಬದ್ಧತೆ, ನಿಶ್ಶಕ್ತಿ. ಮುಖ ಬಿಳಿಚಿಕೊಂಡಿತ್ತು. ನಾನು ಅವನನ್ನು ಕೇಳಿದ್ದಕ್ಕೆಲ್ಲ ಹಿಲ್ಡಾಳೇ ಉತ್ತರ ಕೊಟ್ಟಳು.

"ಊಟ ಸೇರ್ತದ ಏನ್ರಿ?" ಎಂದರೆ, "ನಾ ಹಾಕಿದ್ದು ಉಣ್ತಾನ, ಏನೂ ಕಮ್ಮಿ ಮಾಡಿಲ್ಲ" ಎಂದಳು. "ನೀವು ಸ್ವಲ್ಪ ಹೊರಗ ಕೂಡ್ರಿ" ಎಂದರೆ, "ಯಾಕ? ಅವನ ಹೊಟ್ಟಿ ನನಗ ಗೊತ್ತಿಲ್ಲೇನು?" ಎಂದು ಕುರ್ಚಿ ಬಿಟ್ಟು ಕದಲಲಿಲ್ಲ. ದೊಡ್ಡಾಸ್ಪತ್ರೆಗೆ ಹೋಗಿ ಎಂದರೆ "ವಯಸ್ಸಾಗೈತಿ, ಅಷ್ಟ" ಎಂದಳು. ಎರಡನೆಯ ಸಲ ಬಂದಾಗ ಕಾಯುವ ಕೋಣೆಯಲ್ಲಿ ಚೀಲದಿಂದ ಒಂದು ಬಾಟಲಿ ತೆಗೆದು, ಮೋಡ ಕವಿದಂಥ ಏನನ್ನೋ ಲೋಟಕ್ಕೆ ಬಗ್ಗಿಸಿ ಅವನಿಗೆ ಕುಡಿಸುತ್ತಿದ್ದುದನ್ನು ಕಣ್ಣಾರೆ ಕಂಡೆ.

"ಅದೇನ್ರಿ?"

"ಹುಳಿ ಕೋಸಿನ ನೀರು, ಉಪ್ಪು ಹಾಕಿ ಹುಳಿ ಬರಿಸಿದ್ದು. ನಮ್ಮವ್ವ ನಮ್ಮಪ್ಪಗ ಕೊಡ್ತಿದ್ಲು. ಹೊಟ್ಟಿಗೆ ತಂಪು."

"ನೀವು ಕುಡಿಯೂದಿಲ್ಲೇನು?"

"ನನಗ ಹುಳಿ ಆಗಿಬರೂದಿಲ್ಲ."

ನನ್ನ ಕಿವಿ ನೆಟ್ಟಗಾದವು. ತಮ್ಮನಿಗೆ ದಿನಾ ಕೊಡುವುದನ್ನು ತಾನು ಮುಟ್ಟುವುದಿಲ್ಲ! ನಮ್ಮ ಕಡೆ 'ಮದ್ದು ಹಾಕೋದು' ಅಂತ ಒಂದು ಮಾತಿದೆ. ಆಗದವರಿಗೆ ಅನ್ನದಲ್ಲೋ ಮಜ್ಜಿಗೆಯಲ್ಲೋ ಏನನ್ನೋ ಬೆರೆಸಿ ಕೊಟ್ಟರೆ ಮನುಷ್ಯ ತಿಂಗಳುಗಟ್ಟಲೆ ಸೊರಗಿ ಸೊರಗಿ ಸಾಯುತ್ತಾನೆ ಎಂಬ ನಂಬಿಕೆ. ನನ್ನ ಅಜ್ಜಿ ಕೆಲವು ಮನೆಗಳಲ್ಲಿ ನೀರು ಕುಡಿಯಲೂ ನಮ್ಮನ್ನು ಬಿಡುತ್ತಿರಲಿಲ್ಲ. ಡಾಕ್ಟರಾದ ಮೇಲೆ ಅದನ್ನೆಲ್ಲ ನಕ್ಕು ತಳ್ಳಿದವಳು ನಾನು. ಆ ದಿನ ಮಾತ್ರ ನಗು ಬರಲಿಲ್ಲ. ಜೊತೆಗೆ ಲೊರೀನ್ ಬೇರೆ ಕಿವಿಯಲ್ಲಿ ಉಸುರಿದಳು, ಓಟೋ ಹೋದರೆ ಜಮೀನೆಲ್ಲ ಹಿಲ್ಡಾಳಿಗೇ ಅಂತ.

ಚಳಿ ಬಂತು. ಡಿಸೆಂಬರಿನಲ್ಲಿ ಓಟೋ ಬಂದಾಗ ಬಲಗೈ ಮಣಿಕಟ್ಟಿನಿಂದ ಕೆಳಗೆ ಜೋತುಬಿದ್ದಿತ್ತು, ಎತ್ತು ಎಂದರೆ ಎತ್ತಲಾರ. ವಿಷ ಏರಿದವರ ಕೈ ಹೀಗೆ ಜೋಲುತ್ತದೆ ಎಂದು ಪುಸ್ತಕದಲ್ಲಿ ಓದಿದ್ದೆ, ಕಣ್ಣಿಂದ ನೋಡಿರಲಿಲ್ಲ. ರಕ್ತ ಪರೀಕ್ಷೆಗೆ ಕಳಿಸಿದೆ. ಸೀಸ. ಮೈತುಂಬ ಸೀಸ. ಯಾವ ದಾರಿಯಿಂದಲೋ ವಿಷ ದಿನಾ ಅವನೊಳಗೆ ಇಳಿಯುತ್ತಿತ್ತು, ನಿಲ್ಲಿಸದಿದ್ದರೆ ಮನುಷ್ಯ ಉಳಿಯುವುದಿಲ್ಲ.

ಆ ಶನಿವಾರ ಶ್ರೀಧರನಿಗೆ ಹೇಳಿದೆ. ಅವನು ನಗಲಿಲ್ಲ. "ನೀ ಪೂರಾ ಖಾತ್ರಿ ಇದ್ದೀ ಏನು?" ಎಂದ.

"ಆಕಿನೇ ಕೊಡ್ಲಿಕತ್ತಾಳ್ರೀ. ನನಗ ಖಾತ್ರಿ ಅದ."

"ಖಾತ್ರಿನೋ, ಸಂಶಯನೋ?"

"ಎರಡೂ," ಎಂದೆ ಸಿಟ್ಟಿನಿಂದ.

ವಯಸ್ಸಾದವರಿಗೆ ಯಾರೋ ಕೇಡು ಮಾಡುತ್ತಿದ್ದಾರೆಂಬ ಅನುಮಾನ ಬಂದರೂ ಸಾಕು, ಡಾಕ್ಟರು ದೂರು ಕೊಡಲೇಬೇಕೆಂದು ಇಲ್ಲಿ ಕಾನೂನು. ಸೋಮವಾರ ಫೋನ್ ಮಾಡಿದೆ. ಕೌಂಟಿಯಿಂದ, ಅಂದರೆ ಇಲ್ಲಿಯ ಜಿಲ್ಲಾ ಕಚೇರಿಯಿಂದ, ಒಬ್ಬ ಅಧಿಕಾರಿ ಹೆಂಗಸು ಬಂದಳು. ಮನೆ ನೋಡಲು ಹೋದರೆ ಹಿಲ್ಡಾ ಅವಳನ್ನು ಹೊಸ್ತಿಲು ದಾಟಗೊಡಲಿಲ್ಲ. ಓಟೋನನ್ನು ಮುದುಕರ ಆರೈಕೆ ಕೇಂದ್ರಕ್ಕೆ ಸೇರಿಸಿ, ಸೀಸ ಇಳಿಸುವ ಔಷಧಿ ಶುರು ಮಾಡಿದೆವು. ಹಿಲ್ಡಾ ಅವನನ್ನು ನೋಡಬಹುದು, ಆದರೆ ನರ್ಸ್ ಎದುರಿಗಿರಬೇಕು, ಮನೆಯಿಂದ ಏನೂ ತರುವಂತಿಲ್ಲ. ಅವಳು ದಿನಾ ಬಂದಳು. ಬರಿಗೈಯಲ್ಲಿ ಬಂದು, ಅವನ ಮಂಚದ ಪಕ್ಕ ಕೋಟು ಕೂಡ ಬಿಚ್ಚದೆ ಕೂತಿದ್ದು, ಸಂಜೆ ಎದ್ದು ಹೋಗುತ್ತಿದ್ದಳು. ಊರಿಗೆಲ್ಲ ಸುದ್ದಿ ಹಬ್ಬಿತ್ತು. ಅಂಗಡಿಯಲ್ಲಿ ಅವಳನ್ನು ಕಂಡವರು ಸಾಲು ಬದಲಿಸುತ್ತಿದ್ದರು ಎಂದು ಲೊರೀನ್ ಹೇಳಿದಳು.

ಮೂರು ವಾರಕ್ಕೆ ಓಟೋ ಎದ್ದು ಕೂತ. ಹೊಟ್ಟೆನೋವು ನಿಂತಿತು. ನೋಡಿ, ಅಕ್ಕನ ಕೈಯಿಂದ ತಪ್ಪಿಸಿದ ಕೂಡಲೇ ಗುಣ! ನನ್ನ ಅನುಮಾನಕ್ಕೆ ಇನ್ನೇನು ಸಾಕ್ಷಿ ಬೇಕು? ನಿಜ ಹೇಳುತ್ತೇನೆ, ಆಗ ನನಗೆ ಒಳಗೊಳಗೇ ಹೆಮ್ಮೆಯಾಗಿತ್ತು.

ಫೆಬ್ರವರಿಯಲ್ಲಿ ಹಿಲ್ಡಾಳೇ ಕ್ಲಿನಿಕ್ಕಿಗೆ ಫೋನ್ ಮಾಡಿದಳು. "ಆ ಕೌಂಟಿಯಾಕಿನ್ನ ಕರಕೊಂಡ ಬಾ. ಮನಿ ತಗದಿಡ್ತೀನಿ. ಹಾಸಿಗಿ ಕೆಳಗೂ ನೋಡ್ರಿ."

ಹೋದೆವು. ಅವಳು ಬೀರು, ಪೆಟ್ಟಿಗೆ, ಉಗ್ರಾಣ ಎಲ್ಲವನ್ನೂ ಬಾಗಿಲು ತೆರೆದಿಟ್ಟು, ಕೈಕಟ್ಟಿ ನಿಂತಿದ್ದಳು. ಇಲಿ ಪಾಷಾಣದ ಡಬ್ಬಿ ಸೀಲು ಕೂಡ ಒಡೆದಿರಲಿಲ್ಲ. ಸೀಸವಿರುವ ಹಳೆಯ ಬಣ್ಣದ ಡಬ್ಬಿಯಿಲ್ಲ, ಔಷಧಿಯಿಲ್ಲ, ಏನೂ ಇಲ್ಲ. ಅಡುಗೆಮನೆಯ ಫ್ರಿಜ್ಜಿನ ಮೇಲೆ ಒಂದು ಬಣ್ಣದ ಕೈಪಿಡಿ ಅಂಟಿಸಿದ್ದಳು. ಅವರ ಪೂರ್ವಿಕರು ಬಿಟ್ಟುಬಂದ, ಉತ್ತರ ಜರ್ಮನಿಯ ಯಾವುದೋ ಹಳ್ಳಿಗಾಡಿನ ಜಿಲ್ಲೆಯದು. ಅಲ್ಲಿಂದ ಬಂದ ಪ್ರವಾಸಿಗಳು ಕೊಟ್ಟದ್ದಂತೆ, ಇಂಗ್ಲಿಷಿನಲ್ಲೇ ಇತ್ತು. ನಾನು ನೋಡುವುದನ್ನು ಕಂಡು ಹಿಲ್ಡಾಳ ಮುಖ ಆ ಹೊತ್ತಿನಲ್ಲೂ ಸ್ವಲ್ಪ ಅರಳಿತು.

"ನಾ ಹೋಗಿಲ್ಲ. ಆದ್ರ ಎಲ್ಲಾ ಬಾಯಿಪಾಠ ಐತಿ. ಇದು ಜೌಗು ಭೂಮಿ, ಸುಡಾಕ ಕಟ್ಟಿಗಿ ಇಲ್ಲಂತ ಕೆಸರನ್ನ ಕತ್ತರಿಸಿ ಒಣಗಿಸಿ ಒಲಿಗೆ ಹಾಕ್ತಿದ್ರು. ಇದು ಗಾಳಿಗಿರಣಿ. ಇದು ಇಟ್ಟಿಗಿ ಚರ್ಚು, ನಮ್ಮ ಮುತ್ತಜ್ಜನ ನಾಮಕರಣ ಆಗಿದ್ದು ಇಲ್ಲೇ. ಇದು ಕುಂಬಾರರ ಊರು. ನಮ್ಮ ಮುತ್ತಜ್ಜಿ ಅಲ್ಲಿಂದನ ಈ ಮಡಕಿ ತಂದದ್ದು."

ಈ ಮಡಕೆ ಎಂದು ಅವಳು ತೋರಿಸಿದ್ದು ಮೂಲೆಯಲ್ಲಿ ಬಟ್ಟೆ ಮುಚ್ಚಿ ಇಟ್ಟಿದ್ದ, ಮೊಣಕಾಲೆತ್ತರದ ಕಂದು ಮೆರುಗಿನ ಪಾತ್ರೆಯನ್ನು. ಕೋಸು ಹುಳಿಹಾಕುತ್ತಿದ್ದ ಹಳೆಯ ಕಲ್ಲಿನ ಜಾಡಿ ಹಿಂದಿನ ಚಳಿಗಾಲದಲ್ಲಿ ಸೀಳು ಬಿಟ್ಟಿತಂತೆ. ಅಂಗಡಿಯದು ಯಾಕೆ, ಮನೆತನದ್ದೇ ಇದೆಯಲ್ಲ ಎಂದು ಅಟ್ಟದಿಂದ ಇದನ್ನು ಇಳಿಸಿ, ತೊಳೆದು, ಕೋಸು ತುಂಬಿದ್ದಳು. ಹೇಳುವಾಗ ಅವಳಿಗೆ ಅಭಿಮಾನವೇ ಇತ್ತು.

ನಾನು ಬಟ್ಟೆ ಸರಿಸಿ ಬಗ್ಗಿ ನೋಡಿದೆ. ಪಾತ್ರೆಯ ಕಂಠದ ಬಳಿ ಮೆರುಗು ಫಳಫಳ ಅನ್ನುತ್ತಿತ್ತು. ಹುಳಿನೀರು ನಿಂತ ಮಟ್ಟದಿಂದ ಕೆಳಗೆ ಮೆರುಗು ಮಾಸಿ, ತಿಂದುಹೋದ ಹಾಗೆ ಒರಟಾಗಿತ್ತು. ಕಲಾಯಿ ಹೋದ ಹಿತ್ತಾಳೆ ಪಾತ್ರೆಯಲ್ಲಿ ಸಾರು ಇಟ್ಟರೆ ಅಜ್ಜಿ ಯಾಕೆ ರಂಪ ಮಾಡುತ್ತಿದ್ದಳು ಎಂದು ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? ಹುಳಿ ಪಾತ್ರೆಯನ್ನು ತಿನ್ನುತ್ತದೆ, ತಿಂದದ್ದನ್ನು ಮನುಷ್ಯನ ಹೊಟ್ಟೆಗೆ ಹಾಕುತ್ತದೆ. ಹಳೆಯ ಕುಂಬಾರರು ಮಡಕೆಗೆ ಆ ಮೆರುಗು ಕೊಡುತ್ತಿದ್ದುದೇ ಸೀಸದಿಂದ. ಕೈಪಿಡಿಯ ಕೊನೆಯ ಪುಟದಲ್ಲಿ ಆ ಜಿಲ್ಲೆಯ ರೈತಮನೆ ಮ್ಯೂಸಿಯಮ್ಮಿನ ಚಿತ್ರವಿತ್ತು, ಕಪಾಟಿನಲ್ಲಿ ಇಂಥದೇ ಮಡಕೆ. ಕೆಳಗೆ ಬರೆದಿತ್ತು: ಹಂದಿಕೊಬ್ಬು ತುಂಬಿಡುವ ಮಡಕೆ. ಕೊಬ್ಬು ಏನೂ ಮಾಡುವುದಿಲ್ಲ. ಮುತ್ತಜ್ಜಿಗೆ ಅದು ಗೊತ್ತಿತ್ತು. ಸಮುದ್ರ ದಾಟಿ ಮಡಕೆ ಬಂತು, ಅದರಲ್ಲಿ ಏನು ಹಾಕಬೇಕು, ಏನು ಹಾಕಬಾರದು ಅನ್ನೋದು ನಾಲ್ಕು ತಲೆಮಾರಿನಲ್ಲಿ ಎಲ್ಲೋ ಕಳೆದುಹೋಯಿತು.

ಅಯ್ಯೋ ದೇವರೇ, ಅನ್ನಿಸಿತು. ನನ್ನ ಅನುಮಾನ ನಿಜವಾಗಿತ್ತು, ಅದೇ ಕೈ ಅವನಿಗೆ ವಿಷ ಕೊಟ್ಟಿತ್ತು. ಅದು ಪ್ರೀತಿಯಿಂದ ಕೊಟ್ಟದ್ದು, ಅಷ್ಟೇ ನನಗೆ ಹೊಳೆದಿರಲಿಲ್ಲ. ಸ್ವಲ್ಪ ಹುಳಿನೀರನ್ನು ಸೀಸೆಗೆ ತುಂಬಿಕೊಂಡು ಬಂದೆ. ಲ್ಯಾಬಿನವರು ನಾನು ತಿಳಿದದ್ದನ್ನೇ ಬರೆದು ಕಳಿಸಿದರು.

ಮೊದಲು ಓಟೋನಿಗೆ ಹೇಳಿದೆ.

"ಆಕಿಗೆ ಹೇಳಬ್ಯಾಡ, ಡಾಕ್."

"ಹೇಳದ ಹೆಂಗ್ರಿ? ಊರೆಲ್ಲ ಆಕಿನ್ನ ಕೊಲೆಗಾರ್ತಿ ಅನ್ಲಿಕತ್ತದ. ನನ್ನಿಂದ ಆದದ್ದು. ತಪ್ಪು ಆಕಿದಲ್ಲ ಅಂತ ನಾನೇ ಹೇಳಬೇಕು."

"ತಪ್ಪು ಆಕಿದಲ್ಲ ಅಂತ ಹೇಳು. ಮಡಕಿ ಅಂತ ಹೇಳಬ್ಯಾಡ. ಪೈಪ್ ಅನ್ನು. ಹಳೇ ಮನಿ, ಹಳೇ ಪೈಪ್, ಯಾರು ಅಗದ ನೋಡ್ತಾರ? ನಿನ್ನ ಮ್ಯಾಲಿನ ಸಿಟ್ಟು ಆಕಿ ತಡಕೋತಾಳ. ತನ್ನ ಕೈಯಿಂದ ನನಗ ಹಿಂಗಾತು ಅಂತ ತಿಳಿದ್ರ ಬದುಕೂದಿಲ್ಲ. ನನಗ ಇರಾಕಿ ಆಕಿ ಒಬ್ಬಾಕಿ."

ಅಷ್ಟು ಹೇಳುವಷ್ಟರಲ್ಲಿ ಅವನಿಗೆ ಏದುಸಿರು ಬಂತು. ನಾನು ಒಪ್ಪಿದೆ. ಕೌಂಟಿಗೆ ಇದ್ದದ್ದನ್ನು ಇದ್ದ ಹಾಗೆ ಬರೆದೆ. ಆಕಸ್ಮಿಕ ಎಂದು ಅವರು ಕಡತ ಮುಚ್ಚಿದರು, ಹಿಲ್ಡಾಳಿಗೆ ಹೇಳುವುದನ್ನು ನನಗೇ ಬಿಟ್ಟರು. ನಾನು ಹಿಲ್ಡಾಳ ಎದುರು ಕೂತು, ನನ್ನ ಜನ್ಮದಲ್ಲಿ ಮೊದಲ ಸಲ ಒಂದು ಶುದ್ಧ ಸುಳ್ಳನ್ನು ಡಾಕ್ಟರ ಗತ್ತಿನಲ್ಲಿ ಹೇಳಿದೆ. ನೀರಿನ ಪೈಪಿನ ಸೀಸ, ಪೈಪ್ ಬದಲಿಸಿರಿ, ಅಲ್ಲಿಯವರೆಗೆ ಅಂಗಡಿಯ ನೀರು ಕುಡಿಯಿರಿ. ಮತ್ತೆ ಓಟೋನ ಬಿ.ಪಿ.ಗೆ ಉಪ್ಪು ಆಗದು, ಆದ್ದರಿಂದ ಹುಳಿ ಕೋಸು, ಅದರ ನೀರು ಇನ್ನು ಬಂದ್.

"ಪೈಪು," ಎಂದಳು ಹಿಲ್ಡಾ. ಒಂದು ನಿಮಿಷ ನನ್ನನ್ನೇ ನೋಡಿದಳು. ಆಮೇಲೆ ಶುರುವಾಯಿತು ನೋಡಿ! "ಒಂದು ಪೈಪಿನ ಸಲುವಾಗಿ ನನ್ನ ಊರಾಗ ತಲಿ ಎತ್ತದಂಗ ಮಾಡಿದಿ?" ಅಲ್ಲಿಂದ ಅವಳು ನಿಲ್ಲಿಸಲೇ ಇಲ್ಲ. ಅಂಗಡಿಯಲ್ಲಿ, ಚರ್ಚಿನ ಮೆಟ್ಟಿಲ ಮೇಲೆ, ಶನಿವಾರ ಕುಣಿತದ ಮನೆಯಲ್ಲಿ ವಾದ್ಯದವರು ಉಸಿರು ತಗೊಳ್ಳುವ ಹೊತ್ತಿಗೆ, ಪೈಪಿಗೂ ಹೆಂಗಸಿಗೂ ವ್ಯತ್ಯಾಸ ತಿಳಿಯದ ಡಾಕ್ಟರೆಂದು ನನ್ನನ್ನು ಹರಾಜು ಹಾಕಿದಳು. ಮಂದಿ ಅವಳ ಕಡೆ ವಾಲಿದರು. ನನ್ನ ಕ್ಲಿನಿಕ್ಕಿನ ಕುರ್ಚಿಗಳು ಖಾಲಿಯಾದವು. ಮೂವತ್ತು ಮೈಲಿ ಆಚೆಯ ಡಾಕ್ಟರ ಬಳಿಗೆ ಹೋಗುತ್ತೇವೆ, ಇವಳು ಬೇಡ ಎಂದರಂತೆ.

ಆ ವಸಂತ ನಾನು ಪಟ್ಟ ಸಂಕಟ ಅಷ್ಟಿಷ್ಟಲ್ಲ. ಹೊರಗೆ ಗುಡ್ಡವೆಲ್ಲ ನೀಲಿ ಹೂವು, ಒಳಗೆ ನಾನು ಹಲ್ಲು ಕಚ್ಚಿಕೊಂಡು ಕೂತಿದ್ದೆ. ನನಗೆ ಬಾಯಿ ಇಲ್ಲವೇ? ಒಂದು ಮಾತು ಸಾಕಿತ್ತು. "ಹೇಳಿಬಿಡು, ಅದ್ಯಾಕ ಸುಮ್ನ ಬೈಸಿಕೋತೀ?" ಎಂದು ಶ್ರೀಧರ ಪ್ರತಿ ಶನಿವಾರ ಹೇಳಿದ. ಎರಡು ಸಲ ಫೋನ್ ಕೈಗೆತ್ತಿಕೊಂಡು ಇಟ್ಟೆ. ಓಟೋ ಮನೆಗೆ ಮರಳಿದ್ದ, ಅಕ್ಕ ಮಾಡಿದ್ದನ್ನು ಉಣ್ಣುತ್ತಿದ್ದ, ಪ್ರತಿ ಪರೀಕ್ಷೆಗೂ ಸೀಸ ಇಳಿಯುತ್ತಿತ್ತು. ಅದನ್ನು ಕೆಡಿಸಲು ಮನಸ್ಸು ಬರಲಿಲ್ಲ.

ಜೂನ್ ತಿಂಗಳ ಒಂದು ಮಧ್ಯಾಹ್ನ, ರಸ್ತೆಯ ಡಾಂಬರು ಮೆತ್ತಗಾಗುವ ಬಿಸಿಲಲ್ಲಿ, ಹಿಲ್ಡಾ ಒಬ್ಬಳೇ ಒಳಗೆ ಬಂದಳು. ಓಟೋ ಹೊರಗೆ ಪಿಕಪ್ಪಿನಲ್ಲಿ ಎ.ಸಿ. ಹಾಕಿಕೊಂಡು ಕೂತಿದ್ದು ಕಿಟಕಿಯಿಂದ ಕಾಣುತ್ತಿತ್ತು. ಅವಳು ಬಾಗಿಲು ಮುಂದೆ ಮಾಡಿ, ಕೂತು, ಮೆಲ್ಲಗೆ ಕೇಳಿದಳು.

"ಅವನ ರಕ್ತದಾಗ ಇನ್ನೂ ಎಷ್ಟ ಉಳದೈತಿ?"

"ಭಾಳ ಇಳದದ್ರಿ. ಇನ್ನ ಹೆದರಿಕಿ ಇಲ್ಲ. ಪೈಪ್ ಬದಲಿ ಮಾಡಿಸಿದ್ರಲ್ಲ..."

"ನಮ್ಮ ಮನ್ಯಾಗ ಸೀಸದ ಪೈಪು ಇಲ್ಲವ್ವ. ನಮ್ಮಪ್ಪ ಕಬ್ಬಿಣದ ಪೈಪು ಹಾಕುವಾಗ ಇನ್ನೊಂದು ತುದಿ ಹಿಡದು ನಿಂತಾಕಿ ನಾನು. ಒಂಬತ್ತು ವರ್ಷದಾಕಿ ಇದ್ದೆ."

ನಾನು ಕೈಲಿದ್ದ ಪೆನ್ನು ಕೆಳಗಿಟ್ಟೆ. "ಯಾವಾಗಿಂದ ಗೊತ್ತದ ನಿಮಗ?"

"ನೀ ಮಡಕ್ಯಾಗ ಬಗ್ಗಿ ನೋಡಿದ್ಯಲ್ಲ, ಅವತ್ತು. ಎದ್ದು ನಿಂತಾಗ ನಿನ್ನ ಮುಖ ನೋಡಿದೆ. ಮರುದಿನ ನಾನೂ ಬ್ಯಾಟರಿ ಹಿಡದು ನೋಡಿದೆ." ಅವಳ ದನಿ ಒಡೆಯಿತು. "ದಿನಾ ಮುಂಜಾನೆ ನಾನ ಬಗ್ಗಿಸಿ ಕೊಟ್ಟೆ. ಒಲ್ಲೆ ಅಂದ್ರೂ ಬಿಡಲಿಲ್ಲ. ಗುಟುಕ ಗುಟುಕ ಕುಡಿಸಿದೆ."

ನಾನು ಎದ್ದು ಹೋಗಿ ಅವಳ ಭುಜ ಹಿಡಿದೆ. ಎಂಬತ್ತರ ಮುದುಕಿ ಶಬ್ದವಿಲ್ಲದೆ, ಮೈಯೆಲ್ಲ ಅಲುಗಾಡಿ ಅತ್ತಳು. ನನಗೂ ತಡೆಯಲಾಗಲಿಲ್ಲ. ಅಳು ನಿಂತ ಮೇಲೆ ಕೇಳಿದೆ, "ಹಂಗಾದ್ರ ಊರ ತುಂಬ ನನ್ನ ಬೈಕೋತ ತಿರುಗಿದ್ದು ಯಾಕ್ರಿ?"

"ಪೈಪಿನ ಮಾತು ನೀ ಕಟ್ಟಿದ್ದಲ್ಲ, ಅವ ಹೇಳಿಸಿದ್ದು. ಅವಗ ಸುಳ್ಳು ಬರೂದಿಲ್ಲ, ಸಣ್ಣಾವ ಇದ್ದಾಗಿಂದ ನೋಡೇನಿ. ಇದೊಂದ ನನ್ನ ಸಲುವಾಗಿ ಹೇಳ್ಯಾನ. ನಾ ನಂಬೇನಿ ಅಂತ ಅವಗ ಅನಸಬೇಕಲ್ಲ. ನಾ ಸುಮ್ನ ಕುಂತ್ರ ಗೊತ್ತ ಹಿಡೀತಾನ." ಕರವಸ್ತ್ರ ತೆಗೆದು ಗಟ್ಟಿಯಾಗಿ ಮೂಗು ಒರೆಸಿಕೊಂಡಳು. "ನಿನಗ ತ್ರಾಸ ಆತು. ಇನ್ನೂ ಆಗ್ತೈತಿ. ಅವ ಇರೂತನಕ ನಿಲ್ಲಸೂದಿಲ್ಲ ನಾ."

"ನಿಲ್ಲಿಸಬ್ಯಾಡ್ರಿ," ಎಂದೆ.

ಅವಳು ಎದ್ದು ಕಿಟಕಿಯತ್ತ ನೋಡಿದಳು. ಓಟೋ ಪಿಕಪ್ಪಿನಿಂದ ಇತ್ತಲೇ ಕತ್ತು ಚಾಚಿದ್ದ. ಹಿಲ್ಡಾ ಒಮ್ಮೆ ನನ್ನ ಕೆನ್ನೆ ಮುಟ್ಟಿ, ಉಸಿರೆಳೆದುಕೊಂಡು, ಬಾಗಿಲನ್ನು ಗೋಡೆಗೆ ಬಡಿಯುವಂತೆ ತೆರೆದು, ಕಾಯುವ ಕೋಣೆಗೂ ಪಾರ್ಕಿಂಗ್ ಲಾಟಿಗೂ ಕೇಳುವ ಹಾಗೆ ಕಿರುಚಿದಳು: "ನೀ ಏನು ಡಾಕ್ಟರೇನ ಮಾರಾಯ್ತಿ! ಪೈಪು ನೋಡಿ ಕಲಿ ಮೊದಲ!"

ದಡದಡನೆ ಹೊರಗೆ ಹೋಗಿ ಪಿಕಪ್ ಹತ್ತಿದಳು. ಓಟೋ ಅವಳ ಬೆನ್ನು ತಟ್ಟುತ್ತ ಏನೋ ಸಮಾಧಾನ ಹೇಳುತ್ತಿದ್ದುದು ಗಾಜಿನಾಚೆ ಕಂಡಿತು.

ಲೊರೀನ್ ಓಡಿಬಂದಳು. "ಇನ್ನೂ ಇಳಿದಿಲ್ವಾ ಅವಳ ಸಿಟ್ಟು?"

"ಇಲ್ಲ," ಎಂದು ತಲೆ ತಗ್ಗಿಸಿ ನಿಂತೆ, ಪಿಕಪ್ ತಿರುವಿನಾಚೆ ಹೋಗುವವರೆಗೆ.